ನಾಲ್ಕು ರೋಪಿನ ಲಿವರ್

ಕೇಳಿಸಿಕೊಳ್ಳಿ, ಎರಡನೇ ಸಲ ಹೇಳುವ ಅಭ್ಯಾಸ ನನಗಿಲ್ಲ. ಒಬ್ಬ ಮನುಷ್ಯನ ಲಿವರ್ ಉಳಿದ ಕಥೆ ಇದು. ಉಳಿಸಿದ್ದು ಡಾಕ್ಟರೂ ಅಲ್ಲ, ಔಷಧಿಯೂ ಅಲ್ಲ. ಒಬ್ಬ ಭಾಮೈದ. ಲೋಕದಲ್ಲಿ ಭಾಮೈದಂದಿರಿಗೆ ಒಳ್ಳೆಯ ಹೆಸರಿಲ್ಲ ಅನ್ನುವುದು ನನಗೂ ಗೊತ್ತು. ಅಕ್ಕನ ಮನೆಗೆ ಎರಡು ದಿನಕ್ಕೆಂದು ಬಂದು ಎರಡು ವರ್ಷ ಸೋಫಾ ಬಿಟ್ಟೇಳದವನು, ರಿಮೋಟಿನ ಖಾಯಂ ಒಡೆಯ, ಕೆಲಸ ಹುಡುಕುತ್ತಿದ್ದೇನೆಂದು ಹೇಳಿ ಸಿನಿಮಾ ಹುಡುಕುವವನು. ಅನ್ನಿ, ಅಂದುಕೊಳ್ಳಿ. ಕ್ಲೈಮ್ಯಾಕ್ಸ್ ಬರಲಿ. ಆಗ ನೀವೇ ಸೀಟಿನಿಂದೆದ್ದು ಶಿಳ್ಳೆ ಹೊಡೆಯದಿದ್ದರೆ ನನ್ನ ಹೆಸರು ಬದಲಾಯಿಸಿ.

ಮೊದಲು ಲಿವರಿನ ಮಾಲೀಕನನ್ನು ಪರಿಚಯ ಮಾಡಿಕೊಳ್ಳಿ. ಲಿಫ್ಟ್ ಮೆಕ್ಯಾನಿಕ್, ಹದಿನೇಳು ವರ್ಷದ ಸರ್ವಿಸು. ಕಂಪನಿಯವರು ಇಟ್ಟ ಹೆಸರು ಡಬಲ್ ಚೆಕ್. ಮನೆಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುವುದು ನೀವೂ ಮಾಡುತ್ತೀರಿ. ಇವನು ಬೀದಿಯವರೆಗೆ ಹೋಗಿ, ವಾಪಸ್ ನಾಲ್ಕು ಮಹಡಿ ಮೇಲೆ ಬಂದು ಜಗ್ಗುತ್ತಾನೆ. ಪ್ಯಾಂಟಿಗೆ ಬೆಲ್ಟು ಹಾಕಿದ ಮೇಲೂ ಒಳಗೊಂದು ದಾರ ಕಟ್ಟುತ್ತಾನೆ. ಬೆಳಿಗ್ಗೆ ಏಳಲು ಎರಡು ಅಲಾರಾಂ, ಎರಡೂ ಕೈಕೊಟ್ಟರೆ ಇರಲಿ ಅಂತ ಹೆಂಡತಿ.

ತಪ್ಪು ಅವನದಲ್ಲ, ಕಸುಬಿನದು. ಲಿಫ್ಟಿನ ಡಬ್ಬವನ್ನು ಎತ್ತಿ ಹಿಡಿಯಲು ಒಂದು ಉಕ್ಕಿನ ರೋಪು ಸಾಕು. ಆದರೂ ನಾಲ್ಕು ಹಾಕುತ್ತಾರೆ. ಒಂದು ಕೈಬಿಟ್ಟರೆ ಮೂರಿರಲಿ ಅಂತ. ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಎದುರಿಗೆ ನಿಲ್ಲಿಸಿಕೊಂಡು ಡಬಲ್ ಚೆಕ್ ಹೇಳುವ ಒಂದೇ ಒಂದು ಡೈಲಾಗು ಇದು: “ನೋಡ್ರಪ್ಪಾ, ಒಂದೇ ರೋಪ್ ನಂಬಿದವನು ಒಂದೇ ಸಲ ಬೀಳ್ತಾನೆ. ಎರಡನೇ ಸಲ ಬೀಳೋಕೆ ಅವನಿರಲ್ಲ.”

ಇಂಥವನಿಗೆ ವಾರ್ಷಿಕ ರಕ್ತಪರೀಕ್ಷೆಯ ರಿಪೋರ್ಟು ಬಂತು.

ಕಂಪನಿ ಗೊತ್ತುಮಾಡಿದ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. “ಲಿವರ್ ಟೆಸ್ಟು ನಲವತ್ತರ ಒಳಗಿರಬೇಕು, ಅರವತ್ತೆಂಟಿದೆ. ಕುಡೀತೀರಾ?”

“ಟೀ ಕುಡೀತೀನಿ ಡಾಕ್ಟ್ರೇ.”

“ಹಾಗಾದ್ರೆ ಸ್ವಲ್ಪ ಕೊಬ್ಬು ಸೇರಿಕೊಂಡಿದೆ, ಅಷ್ಟೇ. ಹೆದರೋ ಅಂಥದ್ದಲ್ಲ. ದಿನಾ ಮುಕ್ಕಾಲು ಗಂಟೆ ನಡೀರಿ, ಮೆಟ್ಟಿಲು ಹತ್ತಿ, ಕರಿದದ್ದು ಬಿಡಿ. ಮೂರು ವಾರ ಬಿಟ್ಟು ಬನ್ನಿ. ಅಲ್ಲೀವರೆಗೂ ಫಿಟ್ನೆಸ್ ಸರ್ಟಿಫಿಕೇಟ್ ಕೊಡಲ್ಲ.”

“ಔಷಧಿ?”

“ಏನೂ ಬೇಡ.”

“ಒಂದು ಮಾತ್ರೆನೂ ಬೇಡವಾ?”

“ಏನೂ ಬೇಡ ಅಂದ್ರೆ ಏನೂ ಬೇಡ.”

ಡಬಲ್ ಚೆಕ್‌ಗೆ ಇದು ರೋಪೇ ಇಲ್ಲದ ಲಿಫ್ಟಿನಲ್ಲಿ ಕೂರಿಸಿದ ಹಾಗಾಯಿತು. ಸರ್ಟಿಫಿಕೇಟಿಲ್ಲದ ಮೆಕ್ಯಾನಿಕ್ ಲಿಫ್ಟಿನ ಬಾವಿಗೆ, ಅವರ ಮಾತಲ್ಲಿ ಶಾಫ್ಟಿಗೆ, ಕಾಲಿಡುವಂತಿಲ್ಲ. ಮೇಲಿನ ಮೋಟಾರು ರೂಮಿನ ಬಾಗಿಲನ್ನೂ ಮುಟ್ಟುವಂತಿಲ್ಲ. ಮರುದಿನದಿಂದ ಅವನನ್ನು ಆಫೀಸಿನ ಮೂಲೆಯಲ್ಲಿ ಫೋನಿನ ಮುಂದೆ ಕೂರಿಸಿದರು. “ಹಲೋ, ಲಿಫ್ಟ್ ನಿಂತೋಗಿದೆ” ಅನ್ನುವವರಿಗೆಲ್ಲ “ನಿಂತೋಗಿದೆಯಾ, ಬರ್ಕೊಂಡೆ” ಅನ್ನುವುದೇ ಕೆಲಸ. ಸೂಪರ್‌ವೈಸರು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದ, “ನೋಡ್ರೀ, ಎರಡನೇ ಟೆಸ್ಟೂ ಕೈಕೊಟ್ರೆ ಈ ಕುರ್ಚಿ ನಿಮಗೇ ಖಾಯಂ. ನಾನೇನೂ ಮಾಡೋ ಹಾಗಿಲ್ಲ.”

ಹದಿನೇಳು ವರ್ಷ ಶಾಫ್ಟಿನ ಕತ್ತಲಲ್ಲಿ ಕಿವಿಗೊಟ್ಟು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದವನು, ಆ ಕುರ್ಚಿಯ ಸ್ಪ್ರಿಂಗು ಕಿರುಗುಟ್ಟುವುದನ್ನು ಕೇಳುತ್ತಾ ಕೂತ. ಕಣ್ಣಲ್ಲಿ ನೀರು ಬರಲಿಲ್ಲ. ಆದರೆ ಬ್ಯಾಕ್‌ಗ್ರೌಂಡಿನಲ್ಲಿ ಪಿಟೀಲು ಬಾರಿಸಬಹುದಾದಂಥ ಮುಖ.

ಆ ಸಂಜೆಯೇ ಅವರಿರುವ ಕಟ್ಟಡದ ಲಿಫ್ಟಿನೊಳಗೆ, ಕನ್ನಡಿಯ ಪಕ್ಕ, ಯಾರೋ ಪುಣ್ಯಾತ್ಮರು ಒಂದು ಚೀಟಿ ಅಂಟಿಸಿದರು. “ನಾಲ್ಕನೇ ಮಹಡಿಯ ಮೆಕ್ಯಾನಿಕ್‌ಗೆ ಲಿವರ್ ತೊಂದರೆ. ಮನೆಮದ್ದು ಗೊತ್ತಿದ್ದವರು ದಯವಿಟ್ಟು ತಡಮಾಡಬೇಡಿ.”

ಅಂಟಿಸಿದವರು ಯಾರೋ. ಆ ಪ್ರಶ್ನೆ ಸದ್ಯಕ್ಕೆ ಬೇಡ.

ಮೊದಲು ಬಂದದ್ದು ಎರಡನೇ ಮಹಡಿಯ ರಿಟೈರ್ಡ್ ಟೀಚರ್. ಕೈಯಲ್ಲಿ ಲೋಟ, ಲೋಟದಲ್ಲಿ ಲೋಳೆಸರದ ರಸ. ಬಾಲ್ಕನಿಯ ಕುಂಡದಿಂದ ಆಗತಾನೆ ಕೊಯ್ದದ್ದು, ಸಿಪ್ಪೆಯ ಸಮೇತ ರುಬ್ಬಿದ್ದು.

“ಕುಡಿ.”

“ಟೀಚರ್, ಡಾಕ್ಟ್ರು ಏನೂ ಬೇಡ ಅಂದಿದ್ದಾರೆ.”

“ಇದು ಔಷಧಿ ಅಲ್ಲಪ್ಪಾ, ಗಿಡ. ಗಿಡ ಯಾರಿಗಾದ್ರೂ ಕೆಟ್ಟದ್ದು ಮಾಡಿದ್ದುಂಟಾ? ಪೂರ್ತಿ ಕುಡಿ. ತಳದಲ್ಲಿ ಉಳಿಸಬೇಡ, ನಾನು ನೋಡ್ತಿದೀನಿ.”

ಟೀಚರ್ ಹೀಗೆ ಹೇಳಿದರೆ ಅರವತ್ತು ವರ್ಷದ ವಾಚ್‌ಮನ್ನೂ ಕೈಕಟ್ಟಿ ನಿಲ್ಲುತ್ತಾನೆ. ಡಬಲ್ ಚೆಕ್ ಕುಡಿದ.

ಮರುದಿನ ಸೂಪರ್‌ವೈಸರು ಟೇಬಲ್ಲಿನ ಮೇಲೆ ಒಂದು ಡಬ್ಬಿ ಇಟ್ಟ. ಗ್ರೀನ್ ಟೀ ಸಾರದ ಕ್ಯಾಪ್ಸೂಲು. ಡಬ್ಬಿಯ ಮೇಲೆ ಒಂದು ಎಲೆ, ಎಲೆಯ ಮೇಲೊಂದು ಇಬ್ಬನಿ, ಪಕ್ಕದಲ್ಲಿ ಹಲ್ಲು ಕಿರಿಯುತ್ತಿರುವ ಹೊಟ್ಟೆಯಿಲ್ಲದ ಮನುಷ್ಯ. “ಬೆಳಿಗ್ಗೆ ಎರಡು, ರಾತ್ರಿ ಎರಡು. ಕೊಬ್ಬು ಕರಗಿ ನೀರಾಗುತ್ತೆ. ನೀವು ಮೇಲೆ ಹತ್ತದೇ ಹೋದ್ರೆ ನನಗೆ ನಿದ್ದೆ ಬರಲ್ಲ ಮಾರಾಯ್ರೇ. ಹೊಸಬರಿಗೆ ರೋಪ್ ಯಾವುದು, ಬಟ್ಟೆ ಒಣಗಿಸೋ ಹಗ್ಗ ಯಾವುದು ಅಂತಾನೇ ಗೊತ್ತಾಗಲ್ಲ.”

ಮೂರನೆಯದು ಅತ್ತೆಯದು. ಸುದ್ದಿ ಕೇಳಿದ್ದೇ ತಡ, ಬ್ಯಾಗು ಹೆಗಲಿಗೇರಿಸಿ ಮಗಳ ಮನೆಗೆ ಬಂದಿಳಿದರು. ಸೆರಗಿನ ಗಂಟು ಬಿಚ್ಚಿ ಬೂದು ಬಣ್ಣದ ಪುಡಿಯ ಪೊಟ್ಟಣ ತೆಗೆದರು. ಬಸ್ ಸ್ಟ್ಯಾಂಡಿನ ಹಿಂದೆ ಕೂರುವ ಮುದುಕನೊಬ್ಬ ಕೊಟ್ಟದ್ದಂತೆ.

“ಇದರಲ್ಲಿ ಏನಿದೆ ಅತ್ತೆ?”

“ಅದನ್ನ ಕೇಳಬಾರದು ಅಳಿಯಂದ್ರೇ. ಹೇಳಿದ್ರೆ ಗುಣ ಹೋಗುತ್ತೆ ಅಂದಿದ್ದಾನೆ. ನನ್ನ ತಂಗಿ ಗಂಡನಿಗೆ ಕಾಮಾಲೆ ಬಂದಾಗ ಇದನ್ನೇ ಕೊಟ್ಟಿದ್ದು. ಒಂದೂವರೆ ತಿಂಗಳಲ್ಲಿ ಎದ್ದು ಕೂತ್ಕೊಂಡ್ರು.”

“ಕೊಡದೇ ಇದ್ದಿದ್ರೂ ಒಂದೂವರೆ ತಿಂಗಳಲ್ಲಿ ಏಳ್ತಿದ್ರೇನೋಮ್ಮಾ” ಅಂದಳು ಮಗಳು, ಅಂದರೆ ಡಬಲ್ ಚೆಕ್‌ನ ಹೆಂಡತಿ. ಆ ಮನೆಯಲ್ಲಿ ತಲೆ ನೆಟ್ಟಗಿದ್ದದ್ದು ಅವಳೊಬ್ಬಳದೇ, ಹಾಗಾಗಿ ಯಾರೂ ಕೇಳಿಸಿಕೊಳ್ಳಲಿಲ್ಲ.

ನಾಲ್ಕನೆಯದು ಭಾಮೈದನದು. ಹಸಿರು ಬಾಟಲಿ. ಯಾವುದೋ ಬೆಟ್ಟದ ತುದಿಯಲ್ಲಿ, ಹನ್ನೆರಡು ವರ್ಷಕ್ಕೊಮ್ಮೆ ಚಿಗುರುವ ಎಲೆ, ತರುವವನು ಜೀವದ ಆಸೆ ಬಿಟ್ಟು ಹತ್ತಬೇಕು, ಹೀಗೆ ಒಂದು ಟ್ರೇಲರ್ ಕೊಟ್ಟು ಕೈಗಿಟ್ಟ. “ಭಾವ, ದಿನಕ್ಕೆ ಎರಡು ಚಮಚ. ಮೂರನೇದು ಕುಡಿದವರು ಯಾರೂ ಬದುಕಿ ಬಂದು ಕಥೆ ಹೇಳಿಲ್ಲ.”

ಅತ್ತೆ ಮಲಗಿದ ಮೇಲೆ ಡಬಲ್ ಚೆಕ್ ನಾಲ್ಕನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದ. ಮೊದಲ ಸಲ ಅವನ ಮುಖದಲ್ಲಿ ಕಳೆ ಬಂತು. ನಾಲ್ಕು. ಸರಿಯಾಗಿ ನಾಲ್ಕು.

“ರೀ, ಒಂದಾದ್ರೂ ಸಾಕಾಗಲ್ವಾ?” ಹೆಂಡತಿ ಕೇಳಿದಳು. “ಅಸಲಿಗೆ ಒಂದೂ ಬೇಡ ಅಂದಿದ್ದಾರೆ.”

“ಒಂದು ಕೈಕೊಟ್ರೆ? ಆಮೇಲೆ ಫೋನಿನ ಮುಂದೆ ಕೂತು ಅಳೋನು ನಾನು ತಾನೇ?” ಎಂದವನೇ ಕಂಪನಿಯ ಮೆಂಟೆನೆನ್ಸ್ ಕಾರ್ಡೊಂದನ್ನು ತೆಗೆದ. ಪ್ರತಿ ಲಿಫ್ಟಿಗೂ ಇಂಥದ್ದೊಂದು ಇರುತ್ತದೆ: ತಾರೀಖು, ಸಮಯ, ಏನು ಮಾಡಿದೆ, ಏನು ಕಂಡಿತು, ಸಹಿ. ಅದರಲ್ಲಿ ಗೆರೆ ಎಳೆದು ರೋಪ್ ಒಂದು, ರೋಪ್ ಎರಡು, ರೋಪ್ ಮೂರು, ರೋಪ್ ನಾಲ್ಕು ಎಂದು ಬರೆದ. ಅಂದಿನಿಂದ ಹೊತ್ತು ಹೊತ್ತಿಗೆ ನುಂಗಿ, ಹೊತ್ತು ಹೊತ್ತಿಗೆ ಟಿಕ್ ಹಾಕಿ, ಸಹಿ ಮಾಡತೊಡಗಿದ. ಕೊಟ್ಟವರು ಎದುರಾದಾಗೆಲ್ಲ ಒಂದೇ ಮಾತು, “ನಿಮ್ಮದೊಂದನ್ನೇ ತಗೋತಿರೋದು.” ಟೀಚರಿಗೂ ಅದೇ, ಸೂಪರ್‌ವೈಸರಿಗೂ ಅದೇ, ಅತ್ತೆಗೂ ಅದೇ. ಯಾರಿಗೂ ಬೇಜಾರು ಮಾಡುವ ಸ್ವಭಾವ ಅಲ್ಲ, ಪಾಪ.

ಹತ್ತು ದಿನವಾಗುವಷ್ಟರಲ್ಲಿ ಊಟ ಸೇರದಾಯಿತು. ಕೈಕಾಲಿನಲ್ಲಿ ತುರಿಕೆ. ಮೈಯೆಲ್ಲ ಸೋತು ಬಂದು, ಫೋನು ಎತ್ತಿ ‘ಹಲೋ’ ಅನ್ನುವಷ್ಟರಲ್ಲಿ ಆ ಕಡೆಯವರು ಮೆಟ್ಟಿಲಿನಲ್ಲೇ ಮನೆಗೆ ಹೋಗಿರುತ್ತಿದ್ದರು.

“ತುರಿಕೆನಾ? ವಿಷ ಹೊರಗೆ ಬರ್ತಿದೆ. ಒಳ್ಳೇದು” ಅಂದರು ಟೀಚರ್, ಲೋಟ ದೊಡ್ಡದು ಮಾಡಿದರು.

“ಹಸಿವಿಲ್ವಾ? ಅದೇ ಬೇಕಾಗಿರೋದು. ಕೊಬ್ಬು ಕರಗ್ತಿದೆ” ಅಂದ ಸೂಪರ್‌ವೈಸರು. ಎರಡು ಇದ್ದದ್ದು ಮೂರಾಯಿತು.

“ಸುಸ್ತಾ? ಪುಡಿ ಕೆಲಸ ಶುರು ಮಾಡಿದೆ. ಮನೆ ರಿಪೇರಿ ಮಾಡೋವಾಗ ಧೂಳು ಏಳಲ್ವಾ?” ಅಂದರು ಅತ್ತೆ.

ಹದಿನೇಳನೇ ದಿನ ಹೆಂಡತಿ ಅವನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು.

“ರೀ, ಕಣ್ಣು ಹಳದಿ ಆಗಿದೆ.”

“ಪರದೆ ಹಳದಿ ಇದೆಯಲ್ಲ, ಅದರ ಬೆಳಕು.”

ಅವಳು ಪರದೆ ಸರಿಸಿದಳು. ಕಣ್ಣು ಹಾಗೇ ಇತ್ತು. ಅವನು ಬಚ್ಚಲಮನೆಯ ಕನ್ನಡಿಯಲ್ಲಿ ನೋಡಿಕೊಂಡ, ಆಮೇಲೆ ಬೀರುವಿನ ಕನ್ನಡಿಯಲ್ಲಿ ನೋಡಿಕೊಂಡ. ಎರಡು ಕನ್ನಡಿಯೂ ಒಂದೇ ಮಾತು ಹೇಳಿದವು. ಆ ಮನೆಯಲ್ಲಿ ಮೊದಲ ಬಾರಿಗೆ ಡಬಲ್ ಚೆಕ್‌ಗೆ ಡಬಲ್ ಚೆಕ್ ಮಾಡಿದ್ದು ಇಷ್ಟವಾಗಲಿಲ್ಲ.

“ಇವತ್ತೇ ಹೋಗೋಣ” ಅಂದಳು.

“ನಾಲ್ಕು ದಿನ ತಡಿ. ಟೆಸ್ಟ್ ಇರೋದೇ ಇಪ್ಪತ್ತೊಂದಕ್ಕೆ. ಈಗ ಬಿಟ್ರೆ ಮಾಡಿದ್ದೆಲ್ಲ ಹಾಳು.”

ಅವಳು ಕಾರ್ಡನ್ನು ತೆಗೆದು ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು. ಹೊತ್ತು ಹೊತ್ತಿಗೆ ಕೇಳಿದರೆ ಕೊಡುತ್ತಿದ್ದಳು, ಟಿಕ್ ಹಾಕಿಸಿಕೊಂಡು ವಾಪಸ್ ತೆಗೆದುಕೊಳ್ಳುತ್ತಿದ್ದಳು. ಯಾಕೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಇಪ್ಪತ್ತೊಂದನೇ ದಿನ. ಇಂಟರ್ವಲ್ ಮುಗಿಯಿತು, ಕಡಲೆಕಾಯಿ ಪೊಟ್ಟಣ ಪಕ್ಕಕ್ಕಿಡಿ.

ಡಾಕ್ಟರಮ್ಮನ ಕ್ಲಿನಿಕ್ಕು ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ರಕ್ತ ತೆಗೆಯುವ ಲ್ಯಾಬು ನೆಲಮಹಡಿಯಲ್ಲಿ. ನಡುವೆ ಓಡಾಡುವುದು ಜಾಲರಿ ಬಾಗಿಲಿನ ಹಳೇ ಲಿಫ್ಟು, ಕೈಯಿಂದಲೇ ಎಳೆದು ಮುಚ್ಚಬೇಕು, ಒಳಗಿದ್ದವರು ಹೊರಗಿನವರಿಗೆ ಕಾಣುತ್ತಾರೆ. ಬಾಗಿಲು ಅರ್ಧ ಇಂಚು ತೆರೆದರೂ ಅದು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ‘ನಾಲ್ಕು ಜನ ಮಾತ್ರ’ ಎಂಬ ಬೋರ್ಡು. ಅದನ್ನು ಎಂಟು ವರ್ಷ ನೋಡಿಕೊಂಡವನು ಡಬಲ್ ಚೆಕ್ಕೇ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಹೆಂಡತಿಯ ಜೊತೆ ಮೂರನೇ ಮಹಡಿಯಲ್ಲಿ ಲಿಫ್ಟಿಗೆದುರಾದ ಬೆಂಚಿನ ಮೇಲೆ ಕೂತಿದ್ದ. ಹತ್ತೂವರೆಗೆ ಲ್ಯಾಬಿನಿಂದ ಫೋನು ಬಂತು. ಡಾಕ್ಟರಮ್ಮ ಒಳಗಿನಿಂದ ಎದ್ದು ಬಂದರು, ಅವನ ಮುಖವನ್ನೂ ನೋಡದೆ ಲಿಫ್ಟಿನಲ್ಲಿ ಕೆಳಗಿಳಿದರು. ರಿಪೋರ್ಟು ತರಲು ಡಾಕ್ಟರೇ ಹೋಗುವುದನ್ನು ಅವನು ಎಂಟು ವರ್ಷದಲ್ಲಿ ನೋಡಿರಲಿಲ್ಲ.

ಕೆಳಗೆ, ನಮ್ಮ ನಾಲ್ಕೂ ರೋಪುಗಳು ಬಂದು ನಿಂತಿದ್ದವು. ತಮ್ಮ ಮದ್ದಿನ ಗೆಲುವನ್ನು ಕಣ್ಣಾರೆ ನೋಡಿ ಶಹಬ್ಬಾಸ್ ಅನ್ನಿಸಿಕೊಳ್ಳಲು ಟೀಚರ್ ಬಂದಿದ್ದರು, ಸೂಪರ್‌ವೈಸರು ಬಂದಿದ್ದ, ಅತ್ತೆ ಬಂದಿದ್ದರು, ಅತ್ತೆಯ ಬ್ಯಾಗು ಹೊತ್ತು ಭಾಮೈದ ಬಂದಿದ್ದ. ಡಾಕ್ಟರಮ್ಮ ಒಂದು ಹಾಳೆ ಓದುತ್ತಲೇ ಲಿಫ್ಟು ಹೊಕ್ಕರು. ಹಿಂದೆಯೇ ನಾಲ್ವರೂ ನುಗ್ಗಿದರು.

“ನಾಲ್ಕೇ ಜನ ಅಂತ ಬರೆದಿದೆ” ಅಂದ ಸೂಪರ್‌ವೈಸರು. ಕಂಪನಿಯ ಮಾನ ಅವನದು.

“ನಾನು ಈಚೆಗೆ ಸಣ್ಣ ಆಗಿದೀನಿ, ಎಳೀರಿ ಬಾಗಿಲು” ಅಂದರು ಅತ್ತೆ.

ಲಿಫ್ಟು ನರಳಿಕೊಂಡು ಮೇಲೆದ್ದಿತು. ಮೊದಲನೇ ಮಹಡಿ ದಾಟಿತು.

“ನಮ್ಮ ಅಳಿಯಂದ್ರ ರಿಪೋರ್ಟಾ ಡಾಕ್ಟ್ರೇ? ಚೆನ್ನಾಗಿರಲೇಬೇಕು. ಪುಡಿ ನನ್ನದು.”

“ಯಾವ ಪುಡಿ?” ಟೀಚರ್ ತಿರುಗಿದರು. “ನನ್ನ ಲೋಳೆಸರ ಒಂದನ್ನೇ ತಗೋತಿರೋದು ಅವನು.”

“ಕ್ಷಮಿಸಿ, ಕ್ಯಾಪ್ಸೂಲ್ ಒಂದನ್ನೇ ಅಂತ ನನಗೆ ಹೇಳಿದ್ದಾರೆ” ಅಂದ ಸೂಪರ್‌ವೈಸರು.

“ನನ್ನ ಅಳಿಯ ಸುಳ್ಳು ಹೇಳ್ತಾನಾ?”

“ನನ್ನ ಹತ್ರ ಯಾರೂ ಸುಳ್ಳು ಹೇಳಿಲ್ಲಮ್ಮಾ. ಮೂವತ್ತನಾಲ್ಕು ವರ್ಷ ಪಾಠ ಮಾಡಿದೀನಿ.”

ಅತ್ತೆ ಟೀಚರ ಕಡೆ ಪೂರ್ತಿ ತಿರುಗಿದರು. ಅವರ ಜೊತೆ ಅವರ ಮೊಣಕೈಯೂ ತಿರುಗಿತು. ಮೊಣಕೈ ಜಾಲರಿಗೆ ಬಡಿಯಿತು, ಜಾಲರಿ ಹಳಿಯಿಂದ ಹಾರಿತು, ಲಿಫ್ಟು ಗಕ್ಕನೆ ನಿಂತಿತು. ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ.

ಮೇಲೆ ಬೆಂಚಿನಲ್ಲಿದ್ದ ಡಬಲ್ ಚೆಕ್ ಆ ಸದ್ದಿಗೆ ಎದ್ದು ನಿಂತ. ಜಾಲರಿಯ ಕೆಳಗೆ, ಅವನ ಪಾದದ ಮಟ್ಟಕ್ಕೆ, ಐದು ತಲೆಗಳು ಕಂಡವು. ಕೈ ತಾನಾಗಿಯೇ ಸೊಂಟದ ಕೀ ಗೊಂಚಲಿಗೆ ಹೋಯಿತು.

“ಹಳಿ ತಪ್ಪಿದೆ. ಮೇಲೆ ಮೋಟಾರು ರೂಮಿಗೆ ಹೋಗಿ ಬ್ರೇಕ್ ಬಿಟ್ಟು ಕೈಚಕ್ರ ತಿರುಗಿಸಿ ಡಬ್ಬಾನ ಮೇಲಕ್ಕೆ ತರ್ತೀನಿ. ಹತ್ತು ನಿಮಿಷ.”

“ಹೋಗ್ರೀ, ಹೋಗ್ರೀ” ಅಂದ ಸೂಪರ್‌ವೈಸರು. ಅವನಿಗೆ ಮುಚ್ಚಿದ ಜಾಗ ಅಂದರೆ ಆಗುತ್ತಿರಲಿಲ್ಲ. ಲಿಫ್ಟ್ ಕಂಪನಿಯಲ್ಲಿ ಈ ಗುಟ್ಟನ್ನು ಹನ್ನೊಂದು ವರ್ಷ ಕಾಪಾಡಿಕೊಂಡು ಬಂದಿದ್ದ.

“ಸರ್ಟಿಫಿಕೇಟ್ ಇಲ್ವಲ್ಲ ಸಾರ್.”

“ಡಾಕ್ಟ್ರು ಇಲ್ಲೇ ಇದ್ದಾರೆ, ಪೆನ್ನೂ ಇದೆ. ಬರೆದುಕೊಡಿ ಮೇಡಂ, ಈಗಲೇ.”

ಡಾಕ್ಟರಮ್ಮ ಬರೆಯಲಿಲ್ಲ. ಮೊಬೈಲಿನ ಟಾರ್ಚು ಹೊತ್ತಿಸಿ ಮೇಲಕ್ಕೆ, ಜಾಲರಿಯ ಸಂದಿನಿಂದ, ಅವನ ಮುಖಕ್ಕೆ ಬಿಟ್ಟರು. ಟಾರ್ಚಿನ ಬೆಳಕು ಬಿಳಿ. ಕಣ್ಣು ಹಳದಿ. ಈ ಸಲ ತಪ್ಪು ಹೊರಿಸಲು ಪರದೆಯೇ ಇರಲಿಲ್ಲ.

“ನಿಮ್ಮ ಕೈ ಚಾಚಿ. ಬೆರಳು ಬಿಡಿಸಿ.”

ಬೆರಳು ನಡುಗುತ್ತಿದ್ದವು.

“ಈ ಕೈಯಲ್ಲಿ ನೀವು ಬ್ರೇಕ್ ಬಿಟ್ರೆ ನಾವು ಐದು ಜನ ಸೀದಾ ಲ್ಯಾಬಿಗೆ ಹೋಗ್ತೀವಿ, ಪರೀಕ್ಷೆಗಲ್ಲ. ಬೇರೆ ಮೆಕ್ಯಾನಿಕ್ ಕರೆಸಿ. ನೀವು ಕೂತ್ಕೊಳ್ಳಿ.”

“ಬೇರೆಯವರು ಬರೋಕೆ ಒಂದು ಗಂಟೆ ಆಗುತ್ತೆ ಮೇಡಂ” ಸೂಪರ್‌ವೈಸರಿನ ಧ್ವನಿ ಚಿಕ್ಕದಾಗುತ್ತಿತ್ತು.

“ಕಾಯೋಣ.”

ಹದಿನೇಳು ವರ್ಷದಲ್ಲಿ ಸಿಕ್ಕಿಕೊಂಡವರೆಲ್ಲ ಅವನನ್ನು ಬೇಗ ಬಾ ಅಂದಿದ್ದರು. ಬರಬೇಡ ಅಂದದ್ದು ಇವರೇ ಮೊದಲು. ಅವನಿಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು. “ನನ್ನ ಲಿಫ್ಟು ಡಾಕ್ಟ್ರೇ ಇದು” ಅಂದವನೇ ಮೆಟ್ಟಿಲಿನ ಕಡೆ ತಿರುಗಿದ. ಹೆಂಡತಿ ತೋಳು ಹಿಡಿದಳು, ಬಿಡಿಸಿಕೊಂಡ. ಒಂದು ಮೆಟ್ಟಿಲು, ಎರಡು, ಮೂರು. ಆರನೆಯದರಲ್ಲಿ ಕೈ ಕಂಬಿಯನ್ನು ಹುಡುಕಿತು, ಸಿಗಲಿಲ್ಲ.

ಲಿಫ್ಟಿನೊಳಗಿದ್ದವರಿಗೆ ಕಂಡದ್ದೇನೂ ಇಲ್ಲ. ಕೇಳಿಸಿದ್ದು ಮಾತ್ರ: ಕೀ ಗೊಂಚಲು ಮೆಟ್ಟಿಲಿನಿಂದ ಮೆಟ್ಟಿಲಿಗೆ ಬೀಳುತ್ತಾ ಬಂದ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ಹೆಂಡತಿಯ ಧ್ವನಿ, “ರೀ. ರೀ, ಮಾತಾಡಿ.”

ಅತ್ತೆಯ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಅದು ಆ ಕುಟುಂಬದ ಚರಿತ್ರೆಯಲ್ಲೇ ಮೊದಲು.

“ಉಸಿರಾಡ್ತಿದ್ದಾರಾ ನೋಡಿ” ಡಾಕ್ಟರಮ್ಮ ಜಾಲರಿ ಹಿಡಿದು ಮೇಲಕ್ಕೆ ಕೂಗಿದರು. “ಮಲಗಿಸಿ. ಕಾಲು ಮೇಲಿನ ಮೆಟ್ಟಿಲಿಗೆ ಇಡಿ. ಹೆಸರು ಹಿಡಿದು ಕರೀರಿ.”

“ಉಸಿರಾಡ್ತಿದ್ದಾರೆ. ಕಣ್ಣು ಬಿಟ್ರು.”

“ಕ್ಲಿನಿಕ್ಕಿನ ನರ್ಸನ್ನ ಕರೀರಿ, ಆಂಬ್ಯುಲೆನ್ಸಿಗೆ ಹೇಳಲಿ. ಈಗ ಹೇಳಿ, ಮೂರು ವಾರದಿಂದ ಏನೇನು ತಗೊಂಡಿದ್ದಾರೆ? ನನಗೆ ಪ್ರತಿಯೊಂದೂ ಬೇಕು. ಮೊದಲು ಅರವತ್ತೆಂಟಿತ್ತು. ಈಗ ಆರುನೂರ ನಲವತ್ತಿದೆ.”

ಆ ಸಂಖ್ಯೆ ಲಿಫ್ಟಿನೊಳಗೆ ಆರನೆಯವನಾಗಿ ಬಂದು ನಿಂತಿತು. ಇದ್ದ ಐವರೂ ಗೋಡೆಗೆ ಒತ್ತಿಕೊಂಡರು.

ಹೆಂಡತಿ ಕೈಚೀಲದಿಂದ ಕಾರ್ಡು ತೆಗೆದು, ಬಗ್ಗಿ, ಜಾಲರಿಯ ಸಂದಿನಿಂದ ಕೆಳಕ್ಕೆ ಬಿಟ್ಟಳು. ಡಾಕ್ಟರಮ್ಮ ಟಾರ್ಚಿನ ಬೆಳಕಿನಲ್ಲಿ ಓದಿದರು. ಯಾವ ರೋಪು ಅಂದರೆ ಯಾವ ಮದ್ದು, ತಾರೀಖು, ಸಮಯ, ಎಷ್ಟು ಚಮಚ, ಎಷ್ಟು ಕ್ಯಾಪ್ಸೂಲು, ತುರಿಕೆ ಶುರುವಾದ ದಿನ, ಊಟ ಬಿಟ್ಟ ದಿನ, ಪ್ರತಿ ಸಾಲಿಗೂ ಸಹಿ.

“ಇಷ್ಟು ಅಚ್ಚುಕಟ್ಟಾಗಿ ತನ್ನನ್ನ ತಾನೇ ಹಾಳು ಮಾಡ್ಕೊಂಡವರನ್ನ ನಾನು ನೋಡೇ ಇಲ್ಲ” ಅಂದರು. ಆಮೇಲೆ, “ಯಾಕೆ ನಾಲ್ಕು?”

ಮೆಟ್ಟಿಲ ಮೇಲೆ ಮಲಗಿದ್ದವನ ಕ್ಷೀಣ ಧ್ವನಿ ಬಂತು. “ಒಂದು ಹರಿದ್ರೆ... ಮೂರಿರಲಿ ಅಂತ ಡಾಕ್ಟ್ರೇ.”

ಡಾಕ್ಟರಮ್ಮ ಒಂದು ಕ್ಷಣ ತಲೆಯ ಮೇಲಿನ ತಗಡನ್ನು, ಅದರಾಚೆಗಿನ ರೋಪುಗಳನ್ನು ನೋಡುವ ಹಾಗೆ ನೋಡಿದರು.

“ಲಿಫ್ಟಿಗೆ ರೋಪು ನಾಲ್ಕು ಮಾರಾಯ್ರೇ. ಲಿವರ್ ಇರೋದು ಒಂದೇ. ನುಂಗಿದ್ದನ್ನೆಲ್ಲ ಜರಡಿ ಹಿಡಿದು ಹೊರಗೆ ಹಾಕೋದು ಅದೇ, ಗಿಡ ಆದ್ರೂ ಸರಿ, ಗುಳಿಗೆ ಆದ್ರೂ ಸರಿ. ನೀವು ನಾಲ್ಕು ರೋಪ್ ಕಟ್ಟಿಲ್ಲ. ಒಂದೇ ರೋಪಿಗೆ ನಾಲ್ಕು ಡಬ್ಬ ನೇತು ಹಾಕಿದ್ದೀರ.”

ಹದಿನೇಳು ವರ್ಷದ ಡೈಲಾಗು ಅವನ ಮೇಲೇ ವಾಪಸ್ ಬಂದು ಕೂತಿತ್ತು.

“ಗಿಡ ಅಲ್ವಾ ಡಾಕ್ಟ್ರೇ” ಟೀಚರ್ ಮೆಲ್ಲಗೆ ಅಂದರು. ತಪ್ಪು ಉತ್ತರ ಬರೆದ ಮಗುವಿನ ಧ್ವನಿ.

“ಗಿಡದಲ್ಲಿ ಗುಣ ಇಲ್ಲ ಅಂತ ನಾನು ಹೇಳಲ್ಲ ಟೀಚರ್. ನಾವು ಕೊಡೋ ಎಷ್ಟೋ ಔಷಧಿ ಗಿಡದಿಂದಲೇ ಬಂದಿದ್ದು. ಲಿವರಿಗೆ ಸ್ವಲ್ಪ ಸಹಾಯ ಆಗಬಹುದು ಅಂತ ಪರೀಕ್ಷೆ ಮಾಡಿದ ಮೂಲಿಕೆಗಳೂ ಇವೆ. ಆದ್ರೆ ಗುಣ ಇರೋದಕ್ಕೆ ಅವಗುಣನೂ ಇರುತ್ತೆ, ಅಳತೆ ಬೇಕು. ಲೋಳೆಸರ ಸಿಪ್ಪೆ ಸಮೇತ ದಿನಾ ಒಂದು ಲೋಟ ಕುಡಿದ್ರೆ ಕೆಲವರ ಲಿವರ್ ಕೆಡುತ್ತೆ. ಗ್ರೀನ್ ಟೀ ಕುಡಿಯೋದು ಬೇರೆ, ಅದರ ಸಾರ ತುಂಬಿದ ಕ್ಯಾಪ್ಸೂಲ್ ದಿನಕ್ಕೆ ಆರು ನುಂಗೋದೇ ಬೇರೆ. ಪುಡಿಯಲ್ಲಿ ಸೀಸ ಇದೆಯೋ ಪಾದರಸ ಇದೆಯೋ ಕೊಟ್ಟವನಿಗೇ ಗೊತ್ತು. ಯಾವುದು ಕೆಡಿಸ್ತು ಅಂತ ಈಗ ಯಾರೂ ಹೇಳೋಕಾಗಲ್ಲ, ಎಲ್ಲ ಕಲಸಿಬಿಟ್ಟಿದ್ದೀರಲ್ಲ.”

ಸೂಪರ್‌ವೈಸರು ಕಣ್ಣು ಮುಚ್ಚಿಕೊಂಡಿದ್ದ. ಮುಚ್ಚಿದ ಜಾಗದ ಹೆದರಿಕೆಯೋ ಬೇರೆಯದೋ, ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಅತ್ತೆ ಬ್ಯಾಗಿನಿಂದ ಉಳಿದ ಪೊಟ್ಟಣ ತೆಗೆದು, ಎರಡೂ ಕೈಯಲ್ಲಿ, ಡಾಕ್ಟರಮ್ಮನಿಗೆ ಕೊಟ್ಟರು. “ಪರೀಕ್ಷೆ ಮಾಡಿಸಿ. ಗುಣ ಹೋದ್ರೆ ಹೋಗಲಿ.”

“ಸರಿ. ನಾಲ್ಕನೇದು? ಹಸಿರು ಬಾಟಲಿ. ಅದರಲ್ಲೇನಿದೆ? ಅದು ಗೊತ್ತಾಗದೇ ಹೋದ್ರೆ ಅದನ್ನೇ ದೊಡ್ಡ ವಿಷ ಅಂದ್ಕೊಂಡು ಟ್ರೀಟ್‌ಮೆಂಟ್ ಶುರು ಮಾಡಬೇಕಾಗುತ್ತೆ. ಯಾರು ಕೊಟ್ಟಿದ್ದು?”

ಇಲ್ಲಿ, ಓದುಗ ಮಹಾಶಯರೇ, ಮ್ಯೂಸಿಕ್ಕು. ಮೂಲೆಯಲ್ಲಿ ನಿಂತಿದ್ದ ಭಾಮೈದ ಒಂದು ಹೆಜ್ಜೆ ಮುಂದಿಟ್ಟ. ಕೂದಲು ಗಾಳಿಗೆ ಹಾರಿತು, ಲಿಫ್ಟಿನಲ್ಲಿ ಗಾಳಿ ಇಲ್ಲದಿದ್ದರೂ. ಎದೆ ಮುಟ್ಟಿಕೊಂಡು ಹೇಳಿದ, “ಕೊಟ್ಟಿದ್ದು ನಾನು. ಅದರಲ್ಲಿರೋದು ನೀರು, ಹಸಿರು ಬಣ್ಣ, ಒಂದು ಚಿಟಿಕೆ ಉಪ್ಪು. ತಮಾಷೆ ಮಾಡಿದೆ. ಶಿಕ್ಷೆ ಏನಿದ್ರೂ ನನಗೆ ಕೊಡಿ, ನನ್ನ ಭಾವನ್ನ ಉಳಿಸಿಕೊಡಿ.” ಆ ಒಂದು ಮಾತಿನಿಂದ ಡಾಕ್ಟರಮ್ಮನಿಗೆ ದಾರಿ ಸಿಕ್ಕಿತು, ಚಿಕಿತ್ಸೆ... 

ಇಲ್ಲ. ನಿಲ್ಲಿಸಿ.

ಹಾಗಾಗಲಿಲ್ಲ.

ಆ ಭಾಮೈದ ನಾನೇ ಅಂತ ನಿಮಗೆ ಆಗಲೇ ಗೊತ್ತಾಗಿರುತ್ತದೆ. ಇಲ್ಲಿಯವರೆಗೆ ಭಾವನನ್ನು ಅವನು ಇವನು ಅಂದದ್ದು ಕಥೆ ಹೇಳುವವನ ಗತ್ತು. ಇನ್ನು ಅವರು ಅನ್ನುತ್ತೇನೆ.

ನಡೆದದ್ದು ಇಷ್ಟು. ಡಾಕ್ಟರಮ್ಮ “ಯಾರು ಕೊಟ್ಟಿದ್ದು?” ಅಂದಾಗ ನಾನು ಅಮ್ಮನ ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಎಷ್ಟೊಂದು ಸಿನಿಮಾ ನೋಡಿದ್ದೇನೆ. ಒಂದು ಡೈಲಾಗೂ ನೆನಪಿಗೆ ಬರಲಿಲ್ಲ. ಬಾಯಿ ಬಿಟ್ಟರೆ ಅಳು ಬರುತ್ತಿತ್ತು. ಬಿಟ್ಟೆ, ಬಂತು. ಅಷ್ಟೇ ಬಂತು.

ಡಾಕ್ಟರಮ್ಮ ಎರಡನೇ ಸಲ ಕೇಳಿದರು. ಆಗ ಮೆಟ್ಟಿಲ ಮೇಲಿನಿಂದ ಭಾವನ ಧ್ವನಿ ಬಂತು.

“ಕಾರ್ಡಿನ ಹಿಂದೆ ನೋಡಿ ಡಾಕ್ಟ್ರೇ. ಮೊದಲನೇ ದಿನ.”

ಡಾಕ್ಟರಮ್ಮ ಕಾರ್ಡು ತಿರುಗಿಸಿ ಗಟ್ಟಿಯಾಗಿ ಓದಿದರು. “ರೋಪ್ ನಾಲ್ಕು. ಪರೀಕ್ಷಿಸಿದೆ. ಬಣ್ಣದ ನೀರು, ಸ್ವಲ್ಪ ಉಪ್ಪು. ಭಾರ ಹೊರುವುದಿಲ್ಲ. ಭಾಮೈದ ಪ್ರೀತಿಯಿಂದ ತಂದದ್ದು, ಬೇಜಾರು ಮಾಡಿಕೊಳ್ಳುತ್ತಾನೆ. ಕುಡಿಯುತ್ತಿದ್ದೇನೆ.” ಕೆಳಗೆ ಸಹಿ.

ಬ್ಯಾಗಿನ ಹಿಂದೆ ನಾನು ಏನು ಮಾಡಿದೆ ಅಂತ ಬರೆಯುವುದಿಲ್ಲ.

ಮುಕ್ಕಾಲು ಗಂಟೆಯ ನಂತರ ಇಬ್ಬರು ಮೆಕ್ಯಾನಿಕ್‌ಗಳು ಬಂದು ಲಿಫ್ಟನ್ನು ಮೂರನೇ ಮಹಡಿಗೆ ತಂದರು. ಅಷ್ಟರಲ್ಲಿ ಭಾವನನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಹತ್ತು ದಿನ ಅಲ್ಲಿದ್ದರು. ನಾಲ್ಕನ್ನೂ ನಿಲ್ಲಿಸಿ ಕಾಯುವುದೇ ಮುಖ್ಯ ಔಷಧಿ ಅಂದರು. ಮೊದಲ ವಾರ ಸಂಖ್ಯೆ ಇನ್ನೂ ಏರಿತು. ಆ ವಾರ ನಮ್ಮ ಮನೆಯಲ್ಲಿ ಟಿವಿ ಹಚ್ಚಲಿಲ್ಲ. ಆಮೇಲೆ ಇಳಿಯಿತು. ನಾನೂರು, ಇನ್ನೂರ ಹತ್ತು, ತೊಂಬತ್ತು. ಮೂರು ತಿಂಗಳಿಗೆ ಮೂವತ್ತೆಂಟು. ಲಿಫ್ಟ್ ಮೆಕ್ಯಾನಿಕ್ಕು ದಿನಾ ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಇಳಿದು ಆ ಸಂಖ್ಯೆ ಸಂಪಾದಿಸಿದರು. ಜೊತೆಗೆ ನಾನೂ ಹತ್ತುತ್ತೇನೆ. ಅದು ನನಗೆ ಅಕ್ಕ ಕೊಟ್ಟ ಶಿಕ್ಷೆ. ಸರ್ಟಿಫಿಕೇಟು ಬಂದ ದಿನ ಭಾವ ಅದನ್ನು ಎರಡು ಸಲ ಓದಿ, ಸೀದಾ ಶಾಫ್ಟಿಗಿಳಿದರು. ಫೋನಿನ ಮುಂದಿನ ಕುರ್ಚಿ ಈಗ ನನ್ನದು. ಸೂಪರ್‌ವೈಸರೇ ಕರೆದು ಕೊಟ್ಟದ್ದು. ಮುಚ್ಚಿದ ಜಾಗದ ಗುಟ್ಟು ನಾನೂ ಕಾಪಾಡಿಕೊಂಡು ಬಂದಿದ್ದೇನೆ.

ಇನ್ನೊಂದಿದೆ. ಕನ್ನಡಿಯ ಪಕ್ಕದ ಆ ಚೀಟಿ. ಅದು ಇಲ್ಲದಿದ್ದರೆ ಟೀಚರ್ ಬರುತ್ತಿರಲಿಲ್ಲ, ನಮ್ಮ ಕಟ್ಟಡದಲ್ಲೇ ಇರುವ ಸೂಪರ್‌ವೈಸರಿನ ತಂಗಿ ಅದನ್ನು ಓದಿ ಮದ್ದು ಹುಡುಕುತ್ತಿದ್ದಾರೆಂದು ಅಣ್ಣನಿಗೆ ಹೇಳುತ್ತಿರಲಿಲ್ಲ, ವಾಚ್‌ಮನ್ ಅದನ್ನು ಓದಿ ಗಾಬರಿಯಾಗಿ ಅಮ್ಮನಿಗೆ ಫೋನು ಮಾಡುತ್ತಿರಲಿಲ್ಲ. ಭಾವ ದಿನಕ್ಕೆ ಮುಕ್ಕಾಲು ಗಂಟೆ ನಡೆದು, ಮೂರು ವಾರದಲ್ಲಿ ಸುಮ್ಮನೆ ಸರಿಹೋಗುತ್ತಿದ್ದರು. ಅಂಟಿಸಿದವರು ಯಾರೆಂದು ಮನೆಯಲ್ಲಿ ಇವತ್ತಿಗೂ ಗೊತ್ತಿಲ್ಲ. ಅಕ್ಕ ಭಾವನೇ ಅಂದುಕೊಂಡಿದ್ದಾಳೆ, ಭಾವ ಅಕ್ಕನೇ ಅಂದುಕೊಂಡಿದ್ದಾರೆ.

ನಾನು, ಭಾವಾ. ನಾನೇ ಅಂಟಿಸಿದ್ದು. ಎದುರಿಗೆ ನಿಂತು ಹೇಳಲು ಮೂರು ಸಲ ಪ್ರಯತ್ನ ಮಾಡಿದೆ, ಮೆಟ್ಟಿಲು ಹತ್ತುವಾಗ, ಮೂರು ಸಲವೂ ಉಸಿರು ಸಾಲಲಿಲ್ಲ. ಅದಕ್ಕೇ ಇಷ್ಟುದ್ದ ಬರೆದು ನಿಮ್ಮ ಟೂಲ್‌ಬ್ಯಾಗಿನಲ್ಲಿ ಇಡುತ್ತಿದ್ದೇನೆ. ನೀವು ಏನನ್ನೇ ಆದರೂ ಎರಡು ಸಲ ಓದುವವರು. ಮೊದಲನೇ ಸಲಕ್ಕೆ ಬಯ್ಯಿರಿ. ಎರಡನೇ ಸಲ ಓದುವವರೆಗೂ ನಾನು ಕೆಳಗಿನ ಮೆಟ್ಟಿಲಲ್ಲೇ ಕೂತಿರುತ್ತೇನೆ.